ದಾಯಮ್ಮನ ಕೋಣೆಯಿಂದ ಜಿಲ್ಲಾಸ್ಪತ್ರೆಯ ಬಾಗಿಲವರೆಗೆ

ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಸುಪ್ರೀಂ ಕೋರ್ಟ್ ಪೀಠ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು 2014ರ ಏಪ್ರಿಲ್ 15ರಂದು. ಅದಕ್ಕೀಗ ಹತ್ತು ವರ್ಷ ದಾಟಿದೆ. ಆ ಸಂಜೆಯ ಸಂಭ್ರಮ ನಮ್ಮಲ್ಲಿ ಅನೇಕರಿಗೆ ಇನ್ನೂ ನೆನಪಿದೆ. ತಾನು ಗಂಡೋ ಹೆಣ್ಣೋ ಎರಡೂ ಅಲ್ಲದವರೋ ಎಂದು ಹೇಳಿಕೊಳ್ಳುವ ಹಕ್ಕು ಅವರವರದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಪುರಾವೆ ಕೇಳುವುದು ಅನೈತಿಕ, ಕಾನೂನುಬಾಹಿರ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತ್ತು. ಅದೇ ತೀರ್ಪಿನಲ್ಲಿ ಇನ್ನೊಂದು ನಿರ್ದೇಶನವೂ ಇತ್ತು: ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಆಸ್ಪತ್ರೆಗಳಲ್ಲಿ ತಕ್ಕ ವೈದ್ಯಕೀಯ ಆರೈಕೆ ಸಿಗುವಂತೆ ನೋಡಿಕೊಳ್ಳುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಹೊಣೆ. ಮೊದಲನೆಯ ಮಾತು ಮನೆಮಾತಾಯಿತು, ಸಭೆ ಸಮಾರಂಭಗಳ ಭಾಷಣವಾಯಿತು, ಪಠ್ಯವೂ ಆಯಿತು. ಎರಡನೆಯದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡವರು ಕಡಿಮೆ. ಚಿಕಿತ್ಸೆ ಬೇಕೆಂದು ಆಸ್ಪತ್ರೆಯ ಬಾಗಿಲಿಗೆ ಹೋದವರಿಗೆ ಈ ದಶಕದಲ್ಲಿ, ಅದಕ್ಕೂ ಹಿಂದಿನ ದಶಕಗಳಲ್ಲಿ ಏನು ಸಿಕ್ಕಿತು, ಏನು ಕೈತಪ್ಪಿತು ಎಂಬುದನ್ನು ಒಮ್ಮೆ ಕೂತು ಲೆಕ್ಕ ಹಾಕಬೇಕಾದ ಹೊತ್ತಿದು.

ಹಿಂತಿರುಗಿ ನೋಡಿದರೆ ಮೊದಲು ಕಾಣುವುದು ನಿರ್ವಾಣ ಮಾಡುತ್ತಿದ್ದ ದಾಯಮ್ಮನ ಕೋಣೆ. ಹಿಜ್ರಾ ಪರಂಪರೆಯಲ್ಲಿ ನಿರ್ವಾಣವನ್ನು, ಎಂದರೆ ಜನನಾಂಗ ತೆಗೆಸಿಕೊಳ್ಳುವುದನ್ನು, ಮರುಹುಟ್ಟೆಂದೇ ನಂಬುತ್ತಾರೆ. ಗುರುವಿನ ಒಪ್ಪಿಗೆ ಪಡೆದ ಚೇಲಾಳನ್ನು ನಸುಕಿನಲ್ಲಿ ತಾವು ನಂಬಿದ ದೇವಿಯ ಪಟದ ಮುಂದೆ ಕೂರಿಸಿ, ಅರಿವಳಿಕೆ ಎಂಬುದೇ ಇಲ್ಲದೆ, ಹರಿತವಾದ ಕತ್ತಿಯಿಂದ ಶಿಶ್ನ ವೃಷಣಗಳೆರಡನ್ನೂ ತೆಗೆದುಬಿಡುತ್ತಿದ್ದರು. ಹೊಲಿಗೆ ಹಾಕುತ್ತಿರಲಿಲ್ಲ. ಗಂಡಿನ ರಕ್ತವೆಲ್ಲ ಹರಿದುಹೋಗಲಿ ಎಂದು ಹಾಗೆಯೇ ಬಿಡುತ್ತಿದ್ದರು. ಮೂತ್ರದ ದಾರಿ ಮುಚ್ಚದಂತೆ ಸಣ್ಣ ಕಡ್ಡಿಯೊಂದನ್ನು ಇಟ್ಟು, ಗಾಯಕ್ಕೆ ಕಾಸಿದ ಎಣ್ಣೆ ಹಾಕುತ್ತಿದ್ದರು. ಬದುಕಿದವರು ದೇವಿಯ ಮಕ್ಕಳಾದರು, ಸತ್ತವರ ಲೆಕ್ಕವನ್ನು ಯಾವ ದಫ್ತರವೂ ಇಡಲಿಲ್ಲ. ಇದರಲ್ಲಿ ಹೊಗಳುವಂಥದ್ದು ಏನೂ ಇಲ್ಲ. ಆದರೆ ಅದರ ಬೆನ್ನಿಗೇ ಬರುತ್ತಿದ್ದ ನಲವತ್ತು ದಿನಗಳನ್ನು ಮರೆತು ಈ ಇತಿಹಾಸ ಬರೆಯಲಾಗದು. ಆ ನಲವತ್ತು ದಿನ ಆಕೆ ಕನ್ನಡಿ ನೋಡುವಂತಿಲ್ಲ, ತಲೆ ಬಾಚುವಂತಿಲ್ಲ, ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ನೀರು ಕಾಯಿಸಿ ಕೊಡಲು, ಗಾಯ ತೊಳೆಯಲು, ಊಟ ಮಾಡಿಸಲು, ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರಲು ಹಿಜ್ರಾ ಮನೆಯಾದ ಹಮಾಮಿನಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ನಲವತ್ತನೆಯ ದಿನ ಅರಿಶಿನ ಹಚ್ಚಿ, ಮೆಹೆಂದಿ ಇಟ್ಟು, ಹಸಿರು ಸೀರೆ ಉಡಿಸಿ, ತಲೆಯ ಮೇಲೆ ಹಾಲಿನ ಕೊಡ ಹೊರಿಸಿ ಜಲ್ಸಾ ಮಾಡುತ್ತಿದ್ದರು. ಬಾಣಂತನಕ್ಕೆ ಕೊಡುವಷ್ಟೇ ಶ್ರದ್ಧೆ ಆ ಆರೈಕೆಗಿತ್ತು.

ಎಲ್ಲರೂ ಆ ಕತ್ತಿಗೆ ಒಡ್ಡಿಕೊಂಡವರೇ ಎಂದೂ ಅಲ್ಲ. ಸವದತ್ತಿ ಎಲ್ಲಮ್ಮನಿಗೆ, ಹುಲಿಗಿಯ ಹುಲಿಗೆಮ್ಮನಿಗೆ ಮುತ್ತು ಕಟ್ಟಿಸಿಕೊಂಡ ನಮ್ಮ ಜೋಗಪ್ಪಂದಿರ ಸಂಪ್ರದಾಯದಲ್ಲಿ ಅಂಗವನ್ನು ಕತ್ತರಿಸಿಕೊಳ್ಳುವುದಕ್ಕೆ ಒಪ್ಪಿಗೆಯಿಲ್ಲ. ಸೀರೆ, ಮುತ್ತು, ಚೌಡಿಕೆ, ತಲೆಯ ಮೇಲಿನ ಕೊಡ ಇಷ್ಟರಲ್ಲೇ ಅವರ ಹೆಣ್ತನ ಪೂರ್ಣವಾಗುತ್ತಿತ್ತು. ಜೋಗತಿ ನೃತ್ಯದಿಂದಲೇ ಬದುಕು ಕಟ್ಟಿಕೊಂಡು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಬಂದದ್ದು ಈ ದಾರಿಯಿಂದ. ಹಿಜ್ರಾ ಮನೆಗಳಲ್ಲಿಯೂ ನಿರ್ವಾಣವಾಗದೆ ಅಕ್ವಾ ಆಗಿಯೇ ಬಾಳಿದವರು ಎಲ್ಲ ಕಾಲಕ್ಕೂ ಇದ್ದರು. ವೈದ್ಯಕೀಯದ ನೆರವಿಲ್ಲದೆಯೂ ತಾನು ತಾನಾಗಿರಬಹುದು ಎಂಬ ತಿಳಿವಳಿಕೆ ನಮ್ಮ ನೆಲಕ್ಕೆ ನ್ಯಾಯಾಲಯದ ತೀರ್ಪಿಗಿಂತ ಬಹಳ ಮೊದಲೇ ಇತ್ತು.

ನಾವು ಕತ್ತಿ ಮತ್ತು ಎಣ್ಣೆಯಲ್ಲಿದ್ದ ಕಾಲಕ್ಕೆ ಯುರೋಪಿನಲ್ಲಿ ಬೇರೊಂದು ಕಥೆ ನಡೆದಿತ್ತು. ಮ್ಯಾಗ್ನಸ್ ಹಿರ್ಶ್‌ಫೆಲ್ಡ್ 1919ರಲ್ಲಿ ಬರ್ಲಿನ್ನಿನಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆ ತೆರೆದರು. ಅದರ ಆಸರೆಯಲ್ಲಿದ್ದ ಡೋರಾ ರಿಕ್ಟರ್‌ಗೆ 1931ರಲ್ಲಿ ಯೋನಿ ರಚನೆಯ ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಹಿರ್ಶ್‌ಫೆಲ್ಡ್ ಭಾರತಕ್ಕೂ ಬಂದು ಹೋದರು. 1933ರಲ್ಲಿ ನಾಜಿಗಳು ಆ ಸಂಸ್ಥೆಗೆ ನುಗ್ಗಿ ಅದರ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಇಂಗ್ಲೆಂಡಿನಲ್ಲಿ ಮೈಕೆಲ್ ಡಿಲನ್ ಎಂಬ ವೈದ್ಯ, ಹುಟ್ಟಿನಿಂದ ಹೆಣ್ಣೆಂದು ಬರೆಸಲ್ಪಟ್ಟವರು, ಟೆಸ್ಟೊಸ್ಟಿರೋನ್ ತೆಗೆದುಕೊಂಡು, ಯುದ್ಧದ ಗಾಯಾಳುಗಳ ಮುಖ ಸರಿಪಡಿಸಿ ಹೆಸರಾಗಿದ್ದ ಹೆರಾಲ್ಡ್ ಗಿಲೀಸ್ ಅವರ ಕೈಯಲ್ಲಿ 1940ರ ದಶಕದಲ್ಲಿ ಸಾಲುಸಾಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರ ಗುಟ್ಟನ್ನು ಪತ್ರಿಕೆಗಳು ಬಯಲಿಗೆಳೆದಾಗ ಅವರು ಓಡಿಬಂದದ್ದು ನಮ್ಮ ದೇಶಕ್ಕೆ. ಬೌದ್ಧ ದೀಕ್ಷೆ ಪಡೆದು, ಲೊಬ್ಜಾಂಗ್ ಜೀವಕ ಎಂಬ ಹೆಸರಿನಲ್ಲಿ ಬದುಕಿ, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡರು. ಆಧುನಿಕ ಲಿಂಗ ಪರಿವರ್ತನಾ ಚಿಕಿತ್ಸೆಯ ಮೊದಲಿಗರಲ್ಲೊಬ್ಬರು ಕೊನೆಯುಸಿರೆಳೆದದ್ದು ಇಲ್ಲಿ. ಅವರ ದೇಹ ಕಂಡಿದ್ದ ಚಿಕಿತ್ಸೆ ಮಾತ್ರ ಇಲ್ಲಿಗೆ ಬರಲು ಇನ್ನೂ ಹಲವು ದಶಕ ಹಿಡಿಯಿತು.

ತಡವಾದದ್ದಕ್ಕೆ ಜ್ಞಾನದ ಕೊರತೆಯಷ್ಟೇ ಕಾನೂನಿನ ಭಯವೂ ಕಾರಣ. ಭಾರತೀಯ ದಂಡ ಸಂಹಿತೆಯ 320ನೇ ಸೆಕ್ಷನ್ನು ಘೋರ ಗಾಯಗಳನ್ನು ಪಟ್ಟಿ ಮಾಡುವಾಗ ಪುರುಷತ್ವ ಹರಣವನ್ನು ಎಲ್ಲಕ್ಕಿಂತ ಮೊದಲು ಹೆಸರಿಸಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಕ್ರಮ ಬದಲಾಗಿಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರ್ ಸೀಮೆಗೆ ಇನ್ನೂ ಬಿಗಿಯಾದ ಶಾಸನವೊಂದು 1919ರಲ್ಲೇ ಬಂದಿತ್ತು. ಒಪ್ಪಿಗೆ ಇರಲಿ ಬಿಡಲಿ, ನಿರ್ವಾಣ ಮಾಡಿದವರಿಗೆ ಏಳು ವರ್ಷದವರೆಗೆ ಸಜೆ. ಆ ಶಾಸನದ ತೆಲಂಗಾಣದ ಪಾಲನ್ನು ಅಲ್ಲಿಯ ಹೈಕೋರ್ಟು ರದ್ದು ಮಾಡಿದ್ದು 2023ರ ಜುಲೈನಲ್ಲಿ ಎಂದರೆ ಅದರ ಆಯುಷ್ಯ ಎಷ್ಟಿತ್ತೆಂದು ಊಹಿಸಬಹುದು. ಇಂಥ ಕಾನೂನುಗಳ ನೆರಳಿನಲ್ಲಿ ಕೈ ನುರಿತ ಸರ್ಜನ್ನರು ದೂರ ಉಳಿದರು. ಜಾಗವನ್ನು ತುಂಬಿದವರು ಸಣ್ಣ ಊರುಗಳ ಹೆಸರಿಲ್ಲದ ಕ್ಲಿನಿಕ್ಕುಗಳವರು.

ಆ ಕ್ಲಿನಿಕ್ಕುಗಳ ಕಾಲವನ್ನು ಕನ್ನಡ ಓದುಗರು ಎರಡು ಪುಸ್ತಕಗಳಿಂದ ಬಲ್ಲರು. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಜನಮನದಾಟ ತಂಡ ಅದನ್ನು ಊರೂರಿಗೆ ನಾಟಕವಾಗಿ ಒಯ್ದಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರವಾಯಿತು. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರವನ್ನು ಮರೆತವರಿಲ್ಲ. ಕೂಡಿಟ್ಟ ದುಡ್ಡು ಸೆರಗಿಗೆ ಕಟ್ಟಿಕೊಂಡು ರೈಲಿನಲ್ಲಿ ಪರವೂರಿಗೆ ಹೋಗುವುದು, ಬೆನ್ನಿಗೊಂದು ಇಂಜೆಕ್ಷನ್, ಅರ್ಧ ಎಚ್ಚರದಲ್ಲೇ ಮುಗಿಯುವ ಆಪರೇಷನ್, ಒಂದೆರಡು ದಿನದಲ್ಲಿ ಹಸಿ ಗಾಯದೊಂದಿಗೆ ಮತ್ತೆ ರೈಲು. ಒಂದು ಪೀಳಿಗೆಯ ಸಾವಿರಾರು ಜನರ ಪಾಡು ಇದೇ. ದಾಯಮ್ಮನಲ್ಲಿ ಇಲ್ಲದ ಅರಿವಳಿಕೆ, ಹೊಲಿಗೆ, ಆಂಟಿಬಯೋಟಿಕ್ ಇಲ್ಲಿತ್ತು, ಸಾವು ಕಡಿಮೆಯಾಯಿತು. ಅದು ಸಣ್ಣ ಲಾಭವಲ್ಲ. ಆದರೆ ರಶೀದಿ ಇರಲಿಲ್ಲ, ಕೇಸ್ ಶೀಟ್ ಇರಲಿಲ್ಲ, ಮೂತ್ರ ಕಟ್ಟಿದರೆ ಹೋಗಿ ಕೇಳಲು ವಿಳಾಸವೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಲೋಪವೊಂದು ಆಗ ಯಾರ ಗಮನಕ್ಕೂ ಬರಲಿಲ್ಲ. ವೃಷಣ ತೆಗೆದ ಮೇಲೆ ದೇಹಕ್ಕೆ ಹೊರಗಿನಿಂದ ಹಾರ್ಮೋನ್ ಬೇಕೇ ಬೇಕು, ಇಲ್ಲದಿದ್ದರೆ ಮೂಳೆ ಸವೆಯುತ್ತದೆ ಎಂದು ಹೇಳಿ ಕಳಿಸುವವರು ಅಲ್ಲಿರಲಿಲ್ಲ.

ಬೆಂಗಳೂರಿನಲ್ಲಿ ಗಾಳಿ ಬದಲಾದದ್ದು ಶತಮಾನ ಮಗುಚುವ ಹೊತ್ತಿಗೆ. 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆ ಸಂಗಮ ಶುರುವಾಯಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ವರದಿ ಹೊರತಂದಿತು. ಪೊಲೀಸ್ ಠಾಣೆ, ಬೀದಿ, ಮನೆಗಳಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಮೊದಲ ಬಾರಿಗೆ ದಾಖಲೆಗೆ ತಂದದ್ದು ಆ ವರದಿಗಳು. ಆಗಿನ ಹೋರಾಟದ ಗುರಿ ಜೀವ ಉಳಿಸಿಕೊಳ್ಳುವುದಾಗಿತ್ತು. ಆರೋಗ್ಯ ಎಂದರೆ ಎಚ್‌ಐವಿ ಎಂದಷ್ಟೇ ಸರ್ಕಾರ ತಿಳಿದಿದ್ದ ಕಾಲ ಅದು. ಕಾಂಡೋಮ್ ಧಾರಾಳವಾಗಿ ಸಿಗುತ್ತಿತ್ತು, ಹಾರ್ಮೋನ್ ಬಗ್ಗೆ ಬಾಯಿಬಿಡುವ ವೈದ್ಯರು ಸಿಗುತ್ತಿರಲಿಲ್ಲ. ನೆರೆಯ ತಮಿಳುನಾಡು 2008ರಲ್ಲಿ ದೇಶದಲ್ಲೇ ಮೊದಲ ಕಲ್ಯಾಣ ಮಂಡಳಿ ರಚಿಸಿ, ಚೆನ್ನೈನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿದಾಗ ಇಲ್ಲಿಯ ಹಲವರು ಅತ್ತ ಆಸೆಯಿಂದ ನೋಡಿದರು. ಕರ್ನಾಟಕ ಅದೇ ಹೊತ್ತಿನಲ್ಲಿ ಏನು ಮಾಡಿತು? 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿ ಇದೇ ಜನರ ಹೆಸರು ಬರೆದಿಡುವ ಅಧಿಕಾರವನ್ನು ಪೊಲೀಸರ ಕೈಗೆ ಕೊಟ್ಟಿತು. ಅದನ್ನು ತಿದ್ದಿಸಲು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

2014ರ ತೀರ್ಪಿನ ನಂತರದ ಸರಣಿ ವೇಗದ್ದು. 2015ರಲ್ಲಿ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕುರಿತ ಸಂಸದ ತಿರುಚ್ಚಿ ಶಿವ ಅವರ ಖಾಸಗಿ ಮಸೂದೆಗೆ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿಯವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2017ರಲ್ಲಿ ಕರ್ನಾಟಕ ತನ್ನದೇ ನೀತಿ ರೂಪಿಸಿತು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಸೆಕ್ಷನ್ನಿನ ಭಾರ ಇಳಿಯಿತು. 2019ರ ಕೊನೆಗೆ ಸಂಸತ್ತು ತೃತೀಯ ಲಿಂಗಿಗಳ ಹಕ್ಕು ರಕ್ಷಣೆಯ ಕಾಯ್ದೆಯನ್ನು ಅಂಗೀಕರಿಸಿತು, 2020ರ ಜನವರಿ 10ರಿಂದ ಅದು ಜಾರಿಗೆ ಬಂತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟು ದೇಶಕ್ಕೆ ಮಾದರಿಯಾಯಿತು, ಆ ಮಟ್ಟಿಗೆ ನಾವು ಹೆಮ್ಮೆಪಡಬಹುದು. 2019ರ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ವೈದ್ಯಕೀಯದ ಮಾತು ವಿವರವಾಗಿಯೇ ಇದೆ: ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಅದರ ಹಿಂದೆ ಮುಂದೆ ಆಪ್ತಸಮಾಲೋಚನೆ, ವೈದ್ಯ ಶಿಕ್ಷಣದ ಪಠ್ಯ ಪರಿಷ್ಕರಣೆ, ವಿಮೆ. ಆದರೆ ಅದೇ ಕಾಯ್ದೆಯ 7ನೇ ಸೆಕ್ಷನ್ನು, ಗಂಡು ಅಥವಾ ಹೆಣ್ಣು ಎಂದು ಪ್ರಮಾಣಪತ್ರ ಬದಲಿಸಬೇಕಾದರೆ ಶಸ್ತ್ರಚಿಕಿತ್ಸೆಯಾಗಿದೆ ಎಂದು ವೈದ್ಯಾಧಿಕಾರಿ ಬರೆದುಕೊಡಬೇಕು ಎಂದಿತು. ಸುಪ್ರೀಂ ಕೋರ್ಟು ಐದೇ ವರ್ಷದ ಹಿಂದೆ ಕಾನೂನುಬಾಹಿರ ಎಂದಿದ್ದ ಷರತ್ತು ಹಿಂಬಾಗಿಲಿನಿಂದ ಒಳಬಂತು. 2020ರ ನಿಯಮಗಳು ಹಾರ್ಮೋನ್ ಮತ್ತು ಸಮಾಲೋಚನೆಯನ್ನೂ ವೈದ್ಯಕೀಯ ನೆರವೆಂದು ಸೇರಿಸಿ ಅದನ್ನು ಸ್ವಲ್ಪ ಸಡಿಲಿಸಿದವು. ಬೇಡದವರನ್ನು ಆಪರೇಷನ್ ಟೇಬಲ್ಲಿನತ್ತ ನೂಕುವುದೂ, ಬೇಕಾದವರಿಗೆ ಅದನ್ನು ಎಟುಕದಂತೆ ಇಡುವುದೂ ಒಂದೇ ವ್ಯವಸ್ಥೆಯಲ್ಲಿ ಒಟ್ಟಿಗೆ ನಡೆದಿದೆ ಎಂಬುದು ನಮ್ಮ ದೊಡ್ಡ ಆಕ್ಷೇಪ.

ಇಷ್ಟಕ್ಕೂ ಈ ಚಿಕಿತ್ಸೆ ಎಂದರೆ ಏನು? ಒಂದು ಆಪರೇಷನ್, ಒಂದು ಬೆಳಗು ಎಂಬ ಕಲ್ಪನೆ ಸಿನಿಮಾ ನೋಡಿದವರಲ್ಲಿ ಇನ್ನೂ ಇದೆ. ನಿಜದಲ್ಲಿ ಇದು ವರ್ಷಗಳ ದಾರಿ. ಅನೇಕರಿಗೆ ಮೊದಲ ಮೆಟ್ಟಿಲು ಹಾರ್ಮೋನ್, ಕೆಲವರಿಗೆ ಅದೇ ಕೊನೆಯದೂ ಹೌದು. ಟ್ರಾನ್ಸ್ ಮಹಿಳೆಯರಿಗೆ ಮಾತ್ರೆ, ಜೆಲ್, ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಇಂಜೆಕ್ಷನ್ ರೂಪದ ಎಸ್ಟ್ರಾಡಿಯಾಲ್ ಕೊಡುತ್ತಾರೆ. ಜತೆಗೆ ಗಂಡು ಹಾರ್ಮೋನನ್ನು ತಡೆಯಲು ಸ್ಪೈರೊನೊಲ್ಯಾಕ್ಟೋನ್ ಅಥವಾ ಸಣ್ಣ ಪ್ರಮಾಣದ ಸೈಪ್ರೊಟೆರೋನ್. ಮೂರರಿಂದ ಆರು ತಿಂಗಳಲ್ಲಿ ಚರ್ಮ ಮೆತ್ತಗಾಗುತ್ತದೆ, ಎದೆ ಬೆಳೆಯತೊಡಗುತ್ತದೆ, ಕೊಬ್ಬು ಸೊಂಟ ತೊಡೆಗಳಿಗೆ ಸರಿಯುತ್ತದೆ. ಪೂರ್ತಿ ಫಲ ಕಾಣಲು ಎರಡು ಮೂರು ವರ್ಷ ಬೇಕು. ಒಡೆದ ಗಂಟಲು ಮತ್ತೆ ಹೆಣ್ಣು ದನಿಯಾಗುವುದಿಲ್ಲ, ಅದಕ್ಕೆ ದನಿಯ ಅಭ್ಯಾಸವೇ ಬೇಕು. ಗಡ್ಡ ಪೂರ್ತಿ ಹೋಗುವುದಿಲ್ಲ, ಲೇಸರೋ ಎಲೆಕ್ಟ್ರಾಲಿಸಿಸೋ ಆಗಬೇಕು. ಸಂತಾನಶಕ್ತಿ ಕುಂದುವುದರಿಂದ ಮುಂದೆ ಸ್ವಂತ ಮಗು ಬೇಕೆನ್ನುವವರು ಮೊದಲೇ ವೀರ್ಯ ಕಾಪಿಡಬೇಕು. ಆದರೆ 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ಮಾತಾಡುವುದು ವಿವಾಹಿತ ದಂಪತಿ ಮತ್ತು ಮಹಿಳೆಯ ಬಗ್ಗೆ, ಈ ಜನರ ಹೆಸರು ಅದರಲ್ಲಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯ, ಯಕೃತ್ತು, ಪೊಟ್ಯಾಷಿಯಂ ಇವುಗಳ ಮೇಲೆ ಕಣ್ಣಿಡಲು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಎಂಡೊಕ್ರೈನಾಲಜಿಸ್ಟ್ ಇರುವ ಊರಿನಲ್ಲಿ ಇದಾವುದೂ ಕಷ್ಟದ ಕೆಲಸವಲ್ಲ.

ಅಂಥ ವೈದ್ಯರು ಇಲ್ಲದ ಊರಿನಲ್ಲಿ ಏನಾಗುತ್ತದೆ ಎಂದು ತಿಳಿಯಲು ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ ನಿಂತರೆ ಸಾಕು. ಹದಿಹರೆಯ ದಾಟಿದ ಹುಡುಗಿಯೊಬ್ಬಳು, ಮನೆಯವರ ಲೆಕ್ಕದಲ್ಲಿ ಇನ್ನೂ ಹುಡುಗ, ಅಂಗಡಿ ಖಾಲಿಯಾಗುವವರೆಗೆ ಕಾದು, ಅಕ್ಕನಿಗೆ ಎಂದು ಹೇಳಿ ಗರ್ಭನಿರೋಧಕ ಮಾತ್ರೆಯ ಎರಡು ಮೂರು ಪಟ್ಟಿ ಕೊಂಡೊಯ್ಯುತ್ತಾಳೆ. ದಿನಕ್ಕೊಂದರ ಬದಲು ನಾಲ್ಕೋ ಐದೋ ನುಂಗುತ್ತಾಳೆ. ಎದೆ ಬೇಗ ಬರಲಿ ಎಂಬ ಆತುರ. ಮಾಲಾ-ಡಿಯಂಥ ಆ ಮಾತ್ರೆಯಲ್ಲಿ ಇರುವುದು ಎಥಿನೈಲ್ ಎಸ್ಟ್ರಾಡಿಯಾಲ್. ರಕ್ತ ಹೆಪ್ಪುಗಟ್ಟಿಸುವ ಗುಣ ಅದಕ್ಕೆ ಹೆಚ್ಚೆಂಬ ಕಾರಣಕ್ಕೇ ಪರಿವರ್ತನಾ ಚಿಕಿತ್ಸೆಯಲ್ಲಿ ಅದನ್ನು ವೈದ್ಯರು ಕೈಬಿಟ್ಟು ವರ್ಷಗಳೇ ಕಳೆದಿವೆ. ಕಾಲು ಊದಿದಾಗ, ಎದೆ ಹಿಡಿದಾಗ ಆಸ್ಪತ್ರೆಗೆ ಹೋದರೂ ಏನು ನುಂಗಿದೆನೆಂದು ಹೇಳಲು ಅವಳಿಗೆ ಧೈರ್ಯ ಬರುವುದಿಲ್ಲ. 2014ರ ತೀರ್ಪಿನಿಂದ ಈಚೆಗೆ ನಾವು ಎಷ್ಟು ಮುಂದೆ ಬಂದಿದ್ದೇವೆ ಎಂಬ ಮಾತಿಗೆ ಈ ಕಟ್ಟೆಯ ಮುಂದೆ ಉತ್ತರ ಸಿಗುವುದಿಲ್ಲ.

ಟ್ರಾನ್ಸ್ ಪುರುಷರ ಕಥೆ ಇನ್ನೂ ತಡವಾಗಿ ಬೆಳಕಿಗೆ ಬಂತು. ಅವರಿಗೆ ಹಮಾಮ್ ಇರಲಿಲ್ಲ, ಗುರುವಿರಲಿಲ್ಲ, ದೇವಿಯ ಜಾತ್ರೆಯೂ ಇರಲಿಲ್ಲ. ಹುಟ್ಟಿದ ಮನೆಯ ನಾಲ್ಕು ಗೋಡೆ, ಒತ್ತಾಯದ ಮದುವೆ, ಇಲ್ಲವೇ ಓಡಿಹೋಗುವುದು, ಇಷ್ಟೇ ಅವರ ಮುಂದಿದ್ದ ದಾರಿಗಳು. ಅವರ ಚಿಕಿತ್ಸೆಯ ಕೇಂದ್ರ ಟೆಸ್ಟೊಸ್ಟಿರೋನ್: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸ್ನಾಯುವಿಗೆ ಕೊಡುವ ಸಾಮಾನ್ಯ ಇಂಜೆಕ್ಷನ್, ಅಥವಾ ಮೂರು ತಿಂಗಳಿಗೊಮ್ಮೆ ಸಾಕಾಗುವ ದುಬಾರಿಯದು. ಕೆಲವೇ ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ, ಗಂಟಲು ಒಡೆಯುತ್ತದೆ, ಮೀಸೆ ಚಿಗುರುತ್ತದೆ. ಒಡೆದ ಗಂಟಲು ಮದ್ದು ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ರಕ್ತ ದಪ್ಪಗಾಗುವುದು, ಮೊಡವೆ, ತಲೆಗೂದಲು ಉದುರುವುದು ಇದ್ದದ್ದೇ. ಮುಟ್ಟು ನಿಂತಿತೆಂದರೆ ಗರ್ಭ ನಿಲ್ಲದು ಎಂಬುದು ತಪ್ಪು ತಿಳಿವಳಿಕೆ, ಅದನ್ನೂ ಯಾರಾದರೂ ಹೇಳಬೇಕು. ಬಹುಪಾಲು ಟ್ರಾನ್ಸ್ ಪುರುಷರು ಎಲ್ಲಕ್ಕಿಂತ ಹೆಚ್ಚು ಬಯಸುವುದು ಎದೆಯ ಸರ್ಜರಿ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ದಿನವಿಡೀ ದುಡಿಯುವವರಿಗೆ ಆ ಸರ್ಜರಿ ಎಂದರೆ ಮೊದಲ ಬಾರಿಗೆ ಪೂರ್ತಿ ಉಸಿರೆಳೆಯುವುದು. ಗರ್ಭಕೋಶ ತೆಗೆಸುವುದು ಕೆಲವರ ಆಯ್ಕೆ. ಮುಂಗೈಯ ಚರ್ಮ, ರಕ್ತನಾಳ, ನರಗಳನ್ನು ಎತ್ತಿ ಶಿಶ್ನ ರಚಿಸುವ ಸರ್ಜರಿ ಅತ್ಯಂತ ಜಟಿಲ. ಎರಡು ಮೂರು ಹಂತ, ಮೂತ್ರನಾಳ ಸೋರುವ ಅಥವಾ ಕಟ್ಟುವ ತೊಂದರೆ ಸಾಮಾನ್ಯ, ಖರ್ಚು ಹಲವು ಲಕ್ಷ.

ಟ್ರಾನ್ಸ್ ಮಹಿಳೆಯರ ಯೋನಿ ರಚನೆಗೆ ಶಿಶ್ನದ ಚರ್ಮವನ್ನೇ ಒಳಮಗುಚುವ ವಿಧಾನ 1956ರಲ್ಲಿ ಕಾಸಾಬ್ಲಾಂಕಾದ ಜಾರ್ಜ್ ಬುರೂ ರೂಢಿಗೆ ತಂದದ್ದು. ದೊಡ್ಡ ಕರುಳಿನ ತುಂಡು ಬಳಸುವ ವಿಧಾನವೂ ಇದೆ. ಆಪರೇಷನ್ ಆದ ಮೇಲೆ ಹೊಸ ದಾರಿ ಕುಗ್ಗದಂತೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹಲವು ಬಾರಿ ಡೈಲೇಟರ್ ಇಟ್ಟುಕೊಳ್ಳಬೇಕು, ಆಮೇಲೆ ಕ್ರಮೇಣ ಕಡಿಮೆ, ಆದರೂ ಬಹುತೇಕ ಜೀವನಪರ್ಯಂತ. ಅದಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಶುದ್ಧ ನೀರು, ನೋವಿನಲ್ಲೂ ಹುರಿದುಂಬಿಸುವ ಒಂದು ಜೀವ ಬೇಕು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಕಡೆ, ಮನೆಯಿಂದ ಹೊರದಬ್ಬಿಸಿಕೊಂಡವರಿಗೆ, ಇದು ಎಲ್ಲಿಂದ ಬರಬೇಕು? ಖಾಸಗಿ ಆಸ್ಪತ್ರೆ ವಾರದೊಳಗೆ ಮನೆಗೆ ಕಳಿಸುತ್ತದೆ. ಯಾವ ಮನೆಗೆ ಎಂದು ಕೇಳುವುದು ಅದರ ಕೆಲಸವಲ್ಲ. ಹಳೆಯ ನಲವತ್ತು ದಿನಗಳ ಆರೈಕೆ ಇಲ್ಲಿ ಮುರಿದುಬಿತ್ತು. ಗುರು ಚೇಲಾ ಮನೆಗಳಲ್ಲಿ ದಬ್ಬಾಳಿಕೆ ಇರಲಿಲ್ಲವೆಂದಲ್ಲ, ಸಾಲದ ಸುಳಿ ಇರಲಿಲ್ಲವೆಂದೂ ಅಲ್ಲ. ಹೊಸ ಪೀಳಿಗೆ ಅದರಿಂದ ಬಿಡಿಸಿಕೊಂಡದ್ದು ಸರಿಯೇ. ಆದರೆ ಬಿಸಿನೀರು ಕಾಯಿಸಿಕೊಡುತ್ತಿದ್ದ ಕೈಗೆ ಬದಲಿಯಾಗಿ ಸರ್ಕಾರವೂ ಆಸ್ಪತ್ರೆಯೂ ಯಾವ ಕೈಯನ್ನೂ ಕೊಡಲಿಲ್ಲ.

ಆ ಕೊರತೆ ಎಷ್ಟು ದೂರ ಒಯ್ಯಬಲ್ಲುದೆಂದು 2021ರ ಜುಲೈನಲ್ಲಿ ಕೇರಳ ಕಂಡಿತು. ವಿಧಾನಸಭೆಗೆ ಸ್ಪರ್ಧಿಸಲು ಮುಂದಾಗಿದ್ದ ರೇಡಿಯೊ ನಿರೂಪಕಿ ಅನನ್ಯಾ ಕುಮಾರಿ ಅಲೆಕ್ಸ್, ಸರ್ಜರಿಯಾದ ವರ್ಷದ ನಂತರವೂ ನೋವು ತಾಳಲಾಗುತ್ತಿಲ್ಲ, ಹೆಚ್ಚು ಹೊತ್ತು ನಿಲ್ಲಲಾಗುತ್ತಿಲ್ಲ ಎಂದು ಹೇಳಿಕೊಂಡ ಕೆಲವೇ ದಿನಗಳಲ್ಲಿ ಇಲ್ಲವಾದರು. ಟ್ರಾನ್ಸ್‌ಜೆಂಡರ್ ನೀತಿಯಲ್ಲಿ ಉಳಿದೆಲ್ಲ ರಾಜ್ಯಗಳಿಗಿಂತ ಮುಂದಿದ್ದ, ಸರ್ಜರಿಗೆ ಲಕ್ಷಗಟ್ಟಲೆ ನೆರವು ಕೊಡುತ್ತಿದ್ದ ರಾಜ್ಯದಲ್ಲೇ ಹೀಗಾಯಿತು. ಅದಕ್ಕೂ ಹಿಂದಿನ ವರ್ಷ ಲಾಕ್‌ಡೌನ್‌ನಲ್ಲಿ ಈ ಸರ್ಜರಿಗಳೆಲ್ಲ ತುರ್ತಲ್ಲದ ಪಟ್ಟಿಗೆ ಸೇರಿ ಮುಂದೂಡಲ್ಪಟ್ಟಿದ್ದವು, ಹಾರ್ಮೋನ್ ಸಿಗದೆ ಅರ್ಧದಾರಿಯಲ್ಲಿ ನಿಂತವರು ಎಷ್ಟೋ.

ವೈದ್ಯಲೋಕ ತನ್ನನ್ನು ತಾನು ತಿದ್ದಿಕೊಂಡದ್ದನ್ನೂ ದಾಖಲಿಸಬೇಕು. ಒಂದು ಕಾಲಕ್ಕೆ ಮನೋವೈದ್ಯರ ಮುಂದೆ ವರ್ಷಗಟ್ಟಲೆ ಪರೀಕ್ಷೆ ಕೊಟ್ಟಂತೆ ಕೂರಬೇಕಿತ್ತು. ಒಂದು ವರ್ಷ ಬಯಸಿದ ಲಿಂಗದ ಉಡುಪಿನಲ್ಲೇ ಬದುಕಿ ತೋರಿಸಬೇಕು, ಜನನಾಂಗದ ಸರ್ಜರಿಗೆ ಇಬ್ಬರ ಪತ್ರ ಬೇಕು ಎಂಬ ಕಟ್ಟಳೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಹುಟ್ಟಿನಲ್ಲಿ ಬರೆಸಿದ ಲಿಂಗಕ್ಕೂ ತನ್ನರಿವಿನ ಲಿಂಗಕ್ಕೂ ಹೊಂದಿಕೆಯಾಗದ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಅದೇ ವರ್ಷದ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದೇ ಪತ್ರ ಸಾಕೆಂದಿತು. ಭಾರತದ ತಜ್ಞರೂ ಇಲ್ಲಿಯ ಪರಿಸ್ಥಿತಿಗೆ ತಕ್ಕ ಮಾರ್ಗಸೂಚಿ ಸಿದ್ಧಪಡಿಸಿದ್ದಾರೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ 2021ರ ಆದೇಶದ ಬೆನ್ನಿಗೆ, ‘ಸರಿಪಡಿಸುತ್ತೇವೆ’ ಎಂದು ಶಾಕ್ ಕೊಡುವ, ಔಷಧಿ ತುಂಬುವ ಪದ್ಧತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ವೃತ್ತಿದ್ರೋಹವೆಂದು ಸಾರಿತು. ಆ ಆಯೋಗವೇ 2024ರ ಪಠ್ಯದಲ್ಲಿ ಹಳೆಯ ಅವಹೇಳನದ ಮಾತುಗಳನ್ನು ಮತ್ತೆ ಸೇರಿಸಿ, ಪ್ರತಿಭಟನೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡದ್ದನ್ನು ನೋಡಿದರೆ ತಿದ್ದುಪಡಿ ಇ‍ನ್ನೂ ಒಳಗಿಳಿದಿಲ್ಲ ಎನ್ನಬೇಕು. ಮಣಿಪಾಲದಲ್ಲಿ ಓದಿ, ತಮ್ಮ ಪರಿವರ್ತನೆಯನ್ನು ಎಲ್ಲರೆದುರು ಹಂಚಿಕೊಂಡು ರಾಜ್ಯದ ಮೊದಲ ಟ್ರಾನ್ಸ್ ವೈದ್ಯೆ ಎನಿಸಿದ ತ್ರಿನೇತ್ರ ಹಲ್ದಾರ್ ಗುಮ್ಮರಾಜು ಅವರಂಥವರು ಆ ಪಠ್ಯಕ್ಕಿಂತ ಹೆಚ್ಚು ಕಲಿಸಿದ್ದಾರೆ. ಹದಿನೆಂಟು ತುಂಬದವರ ಚಿಕಿತ್ಸೆಯ ಪ್ರಶ್ನೆ ಬೇರೆಯೇ. ಹರೆಯವನ್ನು ತಡೆಹಿಡಿಯುವ ಔಷಧಗಳ ಪುರಾವೆ ದುರ್ಬಲವೆಂದು ಇಂಗ್ಲೆಂಡಿನಲ್ಲಿ ಹಿಲರಿ ಕ್ಯಾಸ್ ಅವರ 2024ರ ವರದಿ ಹೇಳಿತು, ಅದನ್ನು ಒಪ್ಪದ ವೈದ್ಯರೂ ಬಹಳ. ಆ ಚರ್ಚೆ ನಡೆಯಲಿ. ನಮ್ಮ ಊರುಗಳಲ್ಲಿ ಸದ್ಯದ ಕೊರತೆ ವಯಸ್ಕರ ಚಿಕಿತ್ಸೆಯದು.

2022ರ ಆಗಸ್ಟ್ 24ರಂದು ದೊಡ್ಡ ಭರವಸೆಯೊಂದು ಬಂತು. ಆಯುಷ್ಮಾನ್ ಭಾರತ್ ಅಡಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ, ಹಾರ್ಮೋನ್ ಮತ್ತು ಸರ್ಜರಿ ಸೇರಿಸಿ. ಕಾಗದದಲ್ಲಿ ಇದಕ್ಕಿಂತ ಹೆಚ್ಚು ಕೇಳಲಾಗದು. ಆದರೆ ಅದು ಸಿಗಬೇಕಾದರೆ ರಾಷ್ಟ್ರೀಯ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಪಡೆದಿರಬೇಕು, ದಾಖಲೆಗಳಲ್ಲಿ ಹೆಸರು ಒಂದಕ್ಕೊಂದು ಹೊಂದಬೇಕು, ಆಮೇಲೆ ಈ ಸರ್ಜರಿ ಮಾಡಬಲ್ಲ ನೋಂದಾಯಿತ ಆಸ್ಪತ್ರೆ ಹುಡುಕಬೇಕು. 2011ರ ಜನಗಣತಿ ಕರ್ನಾಟಕದಲ್ಲಿ ಇತರೆ ಎಂದು ಬರೆಸಿದವರನ್ನು 20 ಸಾವಿರಕ್ಕೂ ಹೆಚ್ಚು ಎಂದು ಎಣಿಸಿತ್ತು. ಬರೆಸದೆ ಉಳಿದವರು ಅದಕ್ಕಿಂತ ಎಷ್ಟು ಪಾಲು ಹೆಚ್ಚೋ. ಇವರೆಲ್ಲರ ದಾರಿ ಇನ್ನೂ ಬೆಂಗಳೂರು, ಚೆನ್ನೈ, ಕೊಚ್ಚಿ, ದೆಹಲಿಯ ಖಾಸಗಿ ಆಸ್ಪತ್ರೆಗಳತ್ತಲೇ ಹೋಗುತ್ತದೆ. ದುಡ್ಡು ಸಾಲದ್ದು, ಕೆಲವೊಮ್ಮೆ ರಾತ್ರಿಯ ರಸ್ತೆಯದು. ಹಾರ್ಮೋನ್ ಆರಂಭಿಸಿ ಮೇಲ್ವಿಚಾರಣೆ ಮಾಡಲು ಸೂಪರ್ ಸ್ಪೆಷಾಲಿಟಿ ಬೇಕಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ನೋಡುವ ಜಿಲ್ಲಾಸ್ಪತ್ರೆಯ ಫಿಜಿಷಿಯನ್ನರಿಗೆ ತರಬೇತಿ ಕೊಟ್ಟರೆ, ವಾರಕ್ಕೊಂದು ಮಧ್ಯಾಹ್ನ ನಿಗದಿ ಮಾಡಿದರೆ, ಎಸ್ಟ್ರಾಡಿಯಾಲ್ ಮತ್ತು ಟೆಸ್ಟೊಸ್ಟಿರೋನ್ ಅಲ್ಲಿಯ ಔಷಧ ಪಟ್ಟಿಗೆ ಸೇರಿದರೆ ಮೆಡಿಕಲ್ ಶಾಪಿನ ಕಟ್ಟೆಯ ಮುಂದಿನ ಆ ಹುಡುಗಿಗೆ ಹೋಗಲು ಒಂದು ಜಾಗವಾಗುತ್ತದೆ.

ಕೊನೆಯದಾಗಿ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಗುಂಪಿದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ದಾಯಮ್ಮನ ಕೈಯಲ್ಲೋ ಹೆಸರಿಲ್ಲದ ಕ್ಲಿನಿಕ್ಕಿನಲ್ಲೋ ನಿರ್ವಾಣವಾದವರಲ್ಲಿ ಅನೇಕರಿಗೆ ಈಗ ಅರವತ್ತು ದಾಟಿದೆ. ಹೋರಾಟಕ್ಕೆ ಬೀದಿಯಲ್ಲಿ ಮೊದಲು ನಿಂತವರಲ್ಲಿ ಇವರೂ ಇದ್ದರು, ಅವರ ಹಮಾಮುಗಳಲ್ಲಿ ಬೆಳೆದವರೇ ಇಂದಿನ ನಾಯಕಿಯರು. ದಶಕಗಟ್ಟಲೆ ಯಾವ ಹಾರ್ಮೋನೂ ಇಲ್ಲದೆ ಅವರ ಮೂಳೆ ಟೊಳ್ಳಾಗಿದೆ. ಜಾರಿಬಿದ್ದರೆ ಸೊಂಟ ಮುರಿಯುತ್ತದೆ, ಮೂತ್ರದ ದಾರಿ ಕಿರಿದಾಗಿ ಪದೇಪದೇ ಸೋಂಕು. ಪ್ರಾಸ್ಟೇಟ್ ಗ್ರಂಥಿ ಅವರಲ್ಲೂ, ಹೊಸ ಸರ್ಜರಿ ಮಾಡಿಸಿಕೊಂಡವರಲ್ಲೂ ಹಾಗೆಯೇ ಉಳಿದಿರುತ್ತದೆ. ಅದನ್ನು ಪರೀಕ್ಷಿಸಲು ಅವರು ಗಂಡಸರ ವಾರ್ಡಿನ ಸಾಲಿನಲ್ಲಿ ನಿಲ್ಲಬೇಕೋ ಹೆಂಗಸರ ಸಾಲಿನಲ್ಲೋ ಎಂಬುದೇ ನಮ್ಮ ಹೊರರೋಗಿ ವಿಭಾಗಗಳಿಗೆ ಇನ್ನೂ ಗೊತ್ತಿಲ್ಲ. ಮೂಳೆ ಸಾಂದ್ರತೆಯ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ, ಮೂತ್ರರೋಗ ತಜ್ಞರ ಒಂದು ಭೇಟಿ ಇವು ದುಬಾರಿ ಸೇವೆಗಳಲ್ಲ. ಟ್ರಾನ್ಸ್‌ಜೆಂಡರ್ ಜನರಿಗೆ ರಾಜ್ಯ ಕೊಡುವ ಮೈತ್ರಿ ಯೋಜನೆಯ ಮಾಸಾಶನ ಪಡೆಯುವವರ ಪಟ್ಟಿ ತಾಲ್ಲೂಕು ಕಚೇರಿಗಳಲ್ಲಿ ಇದ್ದೇ ಇದೆ. ಆರೋಗ್ಯ ಇಲಾಖೆ ಆ ಪಟ್ಟಿ ತರಿಸಿಕೊಂಡು, ಅರವತ್ತು ದಾಟಿದವರಿಂದ ಈ ವರ್ಷವೇ ತಪಾಸಣೆ ಆರಂಭಿಸಬೇಕು.